ಮುಗಿಲ ಬಣ್ಣದ ಅಂಗಿ

“ಬೂದಿ ಬಣ್ಣ ಅಂತ ನಾ ಯಾವಾಗ ಹೇಳೀನ್ರೀ?” ಹನುಮವ್ವ ಕಿಟಕಿಯಾಚೆ ಕೈ ತೋರಿಸಿದಳು. “ಮುಗಿಲ ಬಣ್ಣದ ಅಂಗಿ ಅಂದೀನಿ. ಅಕಾ, ಮ್ಯಾಲ ನೋಡ್ರಿ.”

ಮಳೆ ಬಿಟ್ಟು ಎರಡು ದಿನವಾಗಿತ್ತು. ಫೋರ್ಟಿನ ಹಳೆಯ ಕಟ್ಟಡಗಳ ಮೇಲೆ ಒಂದು ಚೂರೂ ಮೋಡವಿರಲಿಲ್ಲ. ಸುಮಿತ್ರಾ ಆ ತಿಳಿನೀಲಿಯನ್ನು ನೋಡಿ, ಕಂಪ್ಯೂಟರಿನ ತೆರೆಯತ್ತ ತಿರುಗಿದಳು.

ಕಾಣೆಯಾದವರನ್ನೂ ವಾರಸುದಾರರಿಲ್ಲದ ಹೆಣಗಳನ್ನೂ ತಾಳೆ ನೋಡುವ ಆ ಕಚೇರಿಗೆ ಕಂಪ್ಯೂಟರ್ ಬಂದು ವರ್ಷವಾಗಿತ್ತು. ಮನೆಯವರು ಹೇಳಿದ ಬಟ್ಟೆಯ ಬಣ್ಣವನ್ನು ಟೈಪ್ ಮಾಡಿದರೆ ಪ್ರೋಗ್ರಾಮು ಅದನ್ನು ಕೆಂಪು, ಹಸಿರು, ನೀಲಿಯ ಮೂರು ಅಂಕಿಗಳಾಗಿ ಬದಲಿಸಿ, ಅದಕ್ಕೆ ಹತ್ತಿರದ ಬಟ್ಟೆ ತೊಟ್ಟಿದ್ದ ಹೆಣಗಳ ವಿವರ ತೆರೆಗೆ ತರುತ್ತಿತ್ತು. ಕನ್ನಡ ಹೆಸರುಗಳಿಗೆ ಅಂಕಿ ಕೊಟ್ಟವಳು ಸುಮಿತ್ರಾ. ವಿಲೆ ಪಾರ್ಲೆಯಲ್ಲಿ ಬೆಳೆದ, ಮೈಸೂರು ಕಡೆಯವರ ಮಗಳು. ಅವಳ ಮನೆಯಲ್ಲಿ ಮುಗಿಲೆಂದರೆ ಮೋಡ, ಆಕಾಶವಲ್ಲ. ಮೂರೂ ಕಡೆ ನೂರೈವತ್ತು ಎಂದು ಬರೆದಿದ್ದಳು. ಬೂದಿ.

ಹನುಮವ್ವನ ಗಂಡ ಶಂಕ್ರೆಪ್ಪ ಭಾಂಡುಪಿನ ಕಾರ್ಖಾನೆಯೊಂದರಲ್ಲಿ ಹಮಾಲ. ಹದಿನೈದು ದಿನದ ಹಿಂದೆ ಕೆಲಸಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಅವಳು ಈ ಮೊದಲು ಮೂರು ಸಲ ಬಂದಾಗಲೂ “ಇಲ್ಲಮ್ಮ” ಎಂದು ಕಳಿಸಿದ್ದು ಸುಮಿತ್ರಾಳೇ.

ಸುಮಿತ್ರಾ ಕೂತು ‘ಮುಗಿಲ ಬಣ್ಣ’ದ ಸಾಲಿನ ಅಂಕಿಗಳನ್ನು ತಿದ್ದಿದಳು. ಒಂದೇ ವಿವರ ಬಂತು: ಗಂಡಸು, ಸುಮಾರು ನಲವತ್ತೈದು, ಭಾಂಡುಪ್ ಸ್ಟೇಷನ್ನಿನ ಹಳಿಯ ಮೇಲೆ, ತಿಳಿನೀಲಿ ಅಂಗಿ, ಹುಬ್ಬಿನ ಮೇಲೆ ಹಳೆಯ ಗಾಯ. ಕೆಳಗೆ ನಾಲ್ಕು ದಿನದ ಹಿಂದಿನ ತಾರೀಖು, ವಾರಸುದಾರರಿಲ್ಲ, ವಿಲೇವಾರಿ.

“ಹುಬ್ಬಿನ ಮೇಲೆ ಗಾಯ ಇತ್ತೇನಮ್ಮ?”

“ಹೂಂ ರೀ. ಸಣ್ಣಾಂವ ಇದ್ದಾಗ ಎತ್ತು ಹಾದಿತ್ತು.”

“ನೀವು ಸರಿಯಾಗೇ ಹೇಳಿದ್ರಿ. ನಾನೇ ತಪ್ಪು ತಿಳ್ಕೊಂಡೆ. ನೀವು ಮೂರು ಸಲ ಬಂದಾಗ್ಲೂ ಅವರು ಶವಾಗಾರದಲ್ಲೇ ಇದ್ರು.”

ಹನುಮವ್ವ ನೆಲದ ಮೇಲೆ ಕೂತಳು. “ಎಲ್ಲಿ ಮಣ್ಣ ಮಾಡ್ಯಾರ್ರೀ?” ಎಂದಳು.

“ಸುಟ್ಟುಬಿಟ್ಟಿದ್ದಾರೆ.”

“ನಮ್ಮಾಗ ಸುಡೂದಿಲ್ಲವ್ವ.”

ಅಷ್ಟೇ. ಬೈದಿದ್ದರೆ ಸುಮಿತ್ರಾ ತಡೆದುಕೊಳ್ಳುತ್ತಿದ್ದಳು.

ಗುರುತಿಗೆಂದು ತೆಗೆದಿಟ್ಟ ಬಟ್ಟೆಯ ಗಂಟನ್ನು ಅವಳೇ ತಂದು ಬಿಚ್ಚಿದಳು. ರಕ್ತ ಒಣಗಿ ಅಂಗಿಯ ಎದೆಭಾಗ ರಟ್ಟಿನಂತೆ ಸೆಟೆದಿತ್ತು. ಹನುಮವ್ವ ಅದನ್ನು ತೊಡೆಯ ಮೇಲೆ ಹರಡಿ, ಕಾಲರ್ ನೆಟ್ಟಗೆ ಮಾಡಿ, ಮೇಲಿನಿಂದ ಒಂದೊಂದೇ ಗುಂಡಿ ಹಾಕತೊಡಗಿದಳು. ಮೂರನೆಯ ಕಾಜಕ್ಕೆ ಗುಂಡಿಯಿರಲಿಲ್ಲ. ಎರಡೂ ಅಂಚು ಕೂಡಿಸಿ, ಅಲ್ಲಿ ಬೆರಳೊತ್ತಿ ಹಿಡಿದು ಕೂತಳು.