ಓದಿಸುವ ಕಾರ್ಡು

"ಅದಲ್ಲ ಭಾವ, ಈ ಕಾರ್ಡು ತೊಗೊಳ್ಳಿ," ಎಂದು ಕನ್ನಡಕದಂಗಡಿಯವನು ಕೈ ಚಾಚುವಷ್ಟರಲ್ಲಿ, ಅವನ ಅಕ್ಕನ ಗಂಡ ಮೇಜಿನ ಮೇಲಿದ್ದ ಇನ್ನೊಂದು ಕಾರ್ಡನ್ನು ಎತ್ತಿಕೊಂಡಾಗಿತ್ತು.

"ಯಾಕೆ, ಇದಕ್ಕೇನಾಗಿದೆ? ಎಲ್ಲರಿಗೂ ಇದನ್ನೇ ಓದಿಸ್ತೀಯಂತೆ. ನಮ್ಮ ಡ್ರೈವಿಂಗ್ ಸ್ಕೂಲಿನ ಕ್ಲರ್ಕಮ್ಮ ಹೇಳಿದ್ರು, ನಿಮ್ಮ ಬಾಮೈದನ ಅಂಗಡೀಲಿ ಕಣ್ಣಲ್ಲಿ ನೀರು ಬರುತ್ತೆ ಅಂತ. ನಾನು ಬಿಲ್ ನೋಡಿ ಇರ್ಬೇಕು ಅಂದ್ಕೊಂಡೆ."

ಅಂಗಡಿಯವನು ಕೈ ಹಿಂದೆಗೆದುಕೊಂಡ. ಭಾವ ಬರುವರೆಂದು ತಿಳಿದೇ ಬೆಳಿಗ್ಗೆ ಡ್ರಾಯರಿನ ತಳದಿಂದ ಹಳೆಯ ಕಾರ್ಡನ್ನು ಹುಡುಕಿ ತೆಗೆದಿಟ್ಟಿದ್ದ. ಅದರಲ್ಲಿ ನದಿ, ಹಡಗು, ವ್ಯಾಪಾರಗಳ ಕುರಿತು ಯಾರನ್ನೂ ನೋಯಿಸದ ವಾಕ್ಯಗಳಿದ್ದವು.

ಅಕ್ಕ ತೀರಿಕೊಂಡ ಮೇಲೆ ಭಾವ ಅಂಗಡಿಗೆ ಕಾಲಿಟ್ಟಿರಲಿಲ್ಲ. ಮನೆಯಲ್ಲಿ ಭೇಟಿಯಾದಾಗ ಟೈರಿನ ಬೆಲೆ, ಸೋರುವ ನಲ್ಲಿ ಎಂದು ಇಬ್ಬರೂ ಅವಳನ್ನುಳಿದು ಎಲ್ಲವನ್ನೂ ಮಾತಾಡಿ ಏಳುತ್ತಿದ್ದರು. ಅವಳ ಮಾತೆತ್ತಿದರೆ ಇಬ್ಬರಲ್ಲೊಬ್ಬರು ಕುಸಿಯಬಹುದು. ಆಗ ಇನ್ನೊಬ್ಬರಿಗೆ ಹಿಡಿದುಕೊಳ್ಳುವ ಶಕ್ತಿ ಇದೆಯೋ ಇಲ್ಲವೋ, ಪರೀಕ್ಷಿಸಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಗಾಜು ಒರೆಸುತ್ತ ಕುಳಿತವನಿಗೆ ಒಂದು ಸಾಲು ಹೊಳೆದಿತ್ತು. ಮರುದಿನ ಇನ್ನೊಂದು. ಅವನು ಕವಿತೆ ಬರೆಯುವವನಲ್ಲ. ಬರೆದದ್ದನ್ನು ಯಾರಿಗೆ ತೋರಿಸಬೇಕೆಂಬುದೂ ತಿಳಿಯಲಿಲ್ಲ. ಕೊನೆಗೆ, ತನಗೆ ಗೊತ್ತಿದ್ದ ಒಂದೇ ಕ್ರಮದಲ್ಲಿ, ಸಾಲಿನಿಂದ ಸಾಲಿಗೆ ಅಕ್ಷರವನ್ನು ಕಿರಿದಾಗಿಸುತ್ತ, ಗಿರಾಕಿಗಳಿಗೆ ಓದಿಸುವ ಕಾರ್ಡಿನಲ್ಲೇ ಅಚ್ಚು ಹಾಕಿಸಿದ. ಅಂದಿನಿಂದ ಟೈಪಿಸ್ಟು ಅದನ್ನು ತಪ್ಪು ಹುಡುಕುವಂತೆ ಓದಿದಳು, ಬಡಗಿ ಅಳತೆ ಹೇಳುವಂತೆ ಓದಿದ. ತಾನು ಆಡಲಾರದ ಮಾತು ಬೇರೆಯವರ ಬಾಯಲ್ಲಿ ಸವೆದು ನುಣುಪಾಗಿ, ಕೈಯಲ್ಲಿ ಹಿಡಿಯಲು ಬರುವಂತಾಗಿತ್ತು. ಕೊನೆಯ ಸಾಲೊಂದನ್ನು ಮಾತ್ರ ಯಾರೂ ಓದಿರಲಿಲ್ಲ. ಪರೀಕ್ಷೆಗೆ ಬೇಕಾದುದಕ್ಕಿಂತ ಸಣ್ಣ ಅಕ್ಷರದಲ್ಲಿ ಅದನ್ನು ಹಾಕಿಸಿದ್ದ. ಗಿರಾಕಿ ಅಲ್ಲಿಗೆ ತಲುಪುವ ಮುನ್ನವೇ ತಾನೇ "ಸಾಕು" ಎಂದುಬಿಡುತ್ತಿದ್ದ.

"ತಲೆನೋವು ಯಾವಾಗ ಬರುತ್ತೆ?" ಎಂದು ಕೇಳುತ್ತ ಪರೀಕ್ಷೆಯ ಫ್ರೇಮನ್ನು ಭಾವನ ಮೂಗಿನ ಮೇಲೆ ಕೂರಿಸಿದ.

"ಪೇಪರ್ ಓದುವಾಗ."

"ಬರಿಗಣ್ಣಲ್ಲೇ ಓದ್ತೀರಾ?"

"ಕನ್ನಡಕ ಇದೆ ಒಂದು."

"ಎಲ್ಲಿ ಮಾಡಿಸಿದ್ರಿ? ತೋರಿಸಿ."

"ನೀನು ನಿನ್ನ ಕೆಲಸ ನೋಡು, ಡಾಕ್ಟ್ರೇ."

ಅವನು ಫ್ರೇಮಿಗೆ ಗಾಜು ಹಾಕಿದ. ಭಾವ ಕಾರ್ಡನ್ನು ಹಿಡಿದು, ಗೇರು ಬದಲಿಸಲು ಹೇಳುವ ದನಿಯಲ್ಲಿ ಓದತೊಡಗಿದರು.

"ನೀನು ಹಾಡುತ್ತ ಮೆಟ್ಟಿಲಿಳಿಯುತ್ತಿದ್ದೆ, ಮನೆಗೆ ಬೆಳಗಾಗುತ್ತಿತ್ತು." ಕಾರ್ಡು ಕೆಳಗಿಳಿಯಿತು. "ಯಾರೋ ಹಾಡುತ್ತ? ನಿಮ್ಮಕ್ಕನಾ? ಬೈತಾ ಇಳೀತಿದ್ದಳು ಕಣೋ. 'ನನ್ನ ಕನ್ನಡಕ ಯಾರು ತೆಗೆದ್ರಿ' ಅಂತ, ಇಡೀ ಬೀದಿಗೆ ಕೇಳೋ ಹಾಗೆ."

"ಕವಿತೆ ಅಲ್ವಾ ಭಾವ, ಸ್ವಲ್ಪ..."

"ಕವಿತೆ ಅಂದ ತಕ್ಷಣ ರಾಂಗ್ ಸೈಡಲ್ಲಿ ಹೋಗ್ಬಹುದಾ?"

ಅಂಗಡಿಯವನಿಗೆ ತಡೆಯಲಾಗದೆ ನಗು ಬಂತು. ಭಾವ ನಗಲಿಲ್ಲ; ಕಾರ್ಡನ್ನು ಮತ್ತೆ ಮೇಲೆತ್ತಿದರು. "ಈಗ ಬೆಳಕು ತಾನೇ ಬರುತ್ತದೆ. ಬಂದು, ಯಾರನ್ನೋ ಕಾಯುತ್ತ ನಿಲ್ಲುತ್ತದೆ." ಕುರ್ಚಿಯ ಕೆಳಗೆ ಅವರ ಬಲಗಾಲು ನೆಲವನ್ನು ಒತ್ತಿತು. ವರ್ಷಗಟ್ಟಲೆ ಕಾರು ಕಲಿಸುತ್ತ, ಕಲಿಯುವವರ ಪಕ್ಕದಲ್ಲಿ ಕುಳಿತವರು; ಹೆದರಿಕೆಯಾದಾಗ ಎಲ್ಲಿದ್ದರೂ ಬ್ರೇಕು ತುಳಿಯುತ್ತಿದ್ದರು.

"ಸಾಕು ಭಾವ," ಎಂದ ಅವನು.

"ಇನ್ನೂ ಒಂದಿದೆಯಲ್ಲ, ಇರುವೆ ಸಾಲಿನ ಹಾಗೆ."

"ಅದು ಪರೀಕ್ಷೆಗೆ ಬೇಡ."

"ಬೇಡದ್ದನ್ನ ಯಾಕೆ ಅಚ್ಚು ಹಾಕಿಸ್ದೆ? ಗಾಜು ಬದಲಿಸು."

ಅವನ ಬೆರಳು ಗಾಜುಗಳ ಪೆಟ್ಟಿಗೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒಂದನ್ನು ಆರಿಸಿ, ಅಂಚು ಹಿಡಿದು, ಫ್ರೇಮಿನೊಳಗೆ ಇಳಿಸಿದ.

"ಅಕ್ಕ," ಎಂದು ಓದಿ ಭಾವ ನಿಂತರು. ಕಾಲು ನೆಲಕ್ಕೊತ್ತಿಯೇ ಇತ್ತು. "ಅಕ್ಕ, ಕನ್ನಡಕ ಮೇಜಿನ ಮೇಲಿದೆ. ಹುಡುಕಬೇಡ."

ಅಂಗಡಿಯವನು ಮೇಜಿನ ಅಂಚನ್ನು ಹಿಡಿದುಕೊಂಡ. ಬೀದಿಯಲ್ಲಿ ಯಾರೋ ಷಟರ್ ಎತ್ತಿದರು. ಭಾವನ ಪಾದ ನಿಧಾನವಾಗಿ ಸಡಿಲಗೊಂಡಿತು. ಫ್ರೇಮನ್ನು ಕಳಚಿ, ಬೆವರೊರೆಸುವವರಂತೆ ಮುಂಗೈಯಿಂದ ಮುಖ ಒರೆಸಿಕೊಂಡರು.

"ಇದೂ ತಪ್ಪು. ಮೇಜಿನ ಮೇಲಿಲ್ಲ."

ಅಂಗಿಯ ಜೇಬಿನಿಂದ ಅವರು ತೆಗೆದ ಕನ್ನಡಕವನ್ನು ಅವನು ದೂರದಿಂದಲೇ ಗುರುತಿಸಿದ. ಅದರ ಎಡಗಡೆಯ ತಿರುಪನ್ನು ಎಷ್ಟು ಸಲ ಬಿಗಿ ಮಾಡಿಕೊಟ್ಟಿದ್ದನೋ.

"ಇದನ್ನ ಹಾಕ್ಕೊಂಡಾ ಪೇಪರ್ ಓದೋದು?"

"ಅವಳು ಓದ್ತಿದ್ದ ಹೊತ್ತಿಗೆ ಹಾಕ್ಕೊಂಡು ಕೂತ್ಕೊಳ್ತೀನಿ. ಅಕ್ಷರ ಎಲ್ಲ ತೇಲಾಡುತ್ತೆ."

"ತೇಲದೆ ಏನು ಭಾವ! ಅವಳ ಬಲಗಣ್ಣಿನ ಪವರೇ ಬೇರೆ. ತಲೆ ನೋಯ್ದೆ ಇರುತ್ತಾ?"

"ಹೋದ್ಮೇಲೂ ತಲೆ ತಿನ್ನೋದು ಬಿಟ್ಟಿಲ್ಲ ಅನ್ನು."

ಈ ಸಲ ಇಬ್ಬರೂ ನಕ್ಕರು. ನಗು ನಿಂತ ಮೇಲೂ ಮಾತು ನಿಲ್ಲಲಿಲ್ಲ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡೇ ಮನೆಯೆಲ್ಲ ಹುಡುಕಿಸಿದ್ದು, ಕಾರು ಕಲಿಯಲು ಹೋಗಿ ಗಂಡನನ್ನೇ ಕೆಳಗಿಳಿಸಿ ಬಂದದ್ದು: ಒಂದನ್ನು ಇವನು ಎತ್ತಿದರೆ ಇನ್ನೊಂದನ್ನು ಅವರು. ಯಾರೂ ಕುಸಿಯಲಿಲ್ಲ.

ಭಾವ ಕಪ್ಪು ಫ್ರೇಮೊಂದನ್ನು ಆರಿಸಿದರು. ಹೊರಡುವಾಗ ಅಕ್ಕನ ಕನ್ನಡಕವನ್ನು ಕೈಯಲ್ಲಿ ಒಮ್ಮೆ ತೂಗಿ, ಕಾರ್ಡಿನ ಪಕ್ಕದಲ್ಲಿ ಮೇಜಿನ ಮೇಲಿಟ್ಟರು. "ತಿರುಪು ಸಡಿಲ ಆಗಿದೆ, ನೋಡು," ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

ಬಾಗಿಲಲ್ಲಿ ಕಾದಿದ್ದ ಹೊಲಿಗೆಯ ಹೆಂಗಸು ಒಳಬಂದು ಕುಳಿತಳು. ಕಾರ್ಡನ್ನು ಕಣ್ಣಿಗೆ ಹತ್ತಿರ ತಂದು, ದೂರ ಒಯ್ದು, ಒಂದೊಂದೇ ಸಾಲನ್ನು ಓದಿದಳು.

"ಕೊನೇದು ಕಾಣ್ತಿಲ್ಲ ಸಾರ್. ಬಿಡ್ಲಾ?"

"ಬಿಡಬೇಡಿ," ಎಂದು ಅವನು ಪೆಟ್ಟಿಗೆಯಿಂದ ಮತ್ತೊಂದು ಗಾಜು ತೆಗೆದು ಒರೆಸತೊಡಗಿದ. ಮೇಜಿನ ಮೇಲೆ, ಅಕ್ಕನ ಕನ್ನಡಕದ ಗಾಜಿನಲ್ಲಿ, ಯಾರೋ ಹೊಸಬರು ಓಡಿಸುತ್ತಿದ್ದ ಕಲಿಕೆಯ ಕಾರೊಂದು ಬೆರಳುಗುರಿನಷ್ಟು ಪುಟ್ಟದಾಗಿ, ತಡವರಿಸುತ್ತ ಹಾದುಹೋಯಿತು.