ನೀರಿಗಿಂತ ಮುಂದೆ

ನಮ್ಮಪ್ಪ ಬಸ್ ಡ್ರೈವರ್. ಹೊತ್ತಿಗೆ ಮುಂಚೆ ಹೊರಟು, ಹಿಂದೆ ಓಡಿಬರುವ ಪ್ರಯಾಣಿಕರನ್ನು ಕನ್ನಡಿಯಲ್ಲಿ ನೋಡುವುದೆಂದರೆ ಅವನಿಗೆ ಪರಮಸುಖ. ಅಂಥವನು ನಾನು ಮೆಚ್ಚಿದ ಹುಡುಗನನ್ನು ಪರೀಕ್ಷಿಸಲು ಆ ಹುಡುಗನ ರಬ್ಬರ್ ದೋಣಿಯನ್ನೇ ಹತ್ತಿದ.

ಹುಡುಗ ರಾಫ್ಟಿಂಗ್ ಗೈಡು. ಮೇಲಿನ ಅಣೆಕಟ್ಟಿನ ಗೇಟು ತೆರೆದರೆ ಮಾತ್ರ ಈ ಕಣಿವೆಯಲ್ಲಿ ನದಿ. ಇಲ್ಲದಿದ್ದರೆ ಬರೀ ಬಂಡೆ. ಬಿಟ್ಟ ನೀರಿನ ಬೆನ್ನೇರಿ ಅದರ ಜೊತೆಗೇ ಇಳಿಯುವುದು ಅವನ ಕಸುಬು. ನನಗಿದ್ದದ್ದು ಒಂದೇ ಅನುಮಾನ: ಅವನ ಬಾಯಲ್ಲಿ ‘ಇಲ್ಲ’ ಎಂಬ ಮಾತೇ ಬರುವುದಿಲ್ಲ. ಅಪ್ಪನಿಗೆ ಹೂಂಗುಟ್ಟಲು ಮನೆಯಲ್ಲಿ ಅಣ್ಣ ಇದ್ದೇ ಇದ್ದಾನೆ. ಇನ್ನೊಬ್ಬನನ್ನು ಕಟ್ಟಿಕೊಂಡು ನಾನೇನು ಮಾಡಲಿ? ಇವತ್ತು ಅಪ್ಪನೆದುರು ಒಂದು ಸಲವಾದರೂ ‘ಇಲ್ಲ’ ಅನ್ನದಿದ್ದರೆ ಈ ಮದುವೆಯೇ ಬೇಡ ಎಂದುಕೊಂಡು ನಾನೂ ಹತ್ತಿದ್ದೆ.

“ಇದೇನಪ್ಪ ಆಮೆ ನಡಿಗೆ? ಜೋರಾಗಿ ಹುಟ್ಟು ಹಾಕು,” ಎಂದ ಅಪ್ಪ.

“ಸರಿ ಮಾವ.”

ಮಾವನಂತೆ! ಕೂಸು ಹುಟ್ಟುವ ಮುಂಚೆಯೇ ಕುಲಾವಿ.

“ಇನ್ನೂ ಜೋರು!”

“ಆಯ್ತು ಮಾವ.”

ಇಬ್ಬರೂ ಸೇರಿ ಹುಟ್ಟು ಹಾಕಿದ ರಭಸಕ್ಕೆ ನಾವು ನೀರನ್ನೇ ಹಿಂದೆ ಹಾಕಿದೆವು. ಅಡಿಯಲ್ಲಿ ನದಿ ತೆಳ್ಳಗಾಗುತ್ತ ಬಂದು, ದೋಣಿ ಕರಕರ ಎನ್ನುತ್ತ ಬಂಡೆಗಳ ಮೇಲೆ ಕೂತುಬಿಟ್ಟಿತು. ಪ್ರಯಾಣಿಕರನ್ನು ಬಿಟ್ಟು ಬರುವುದು ಅಪ್ಪನಿಗೆ ಹೊಸದಲ್ಲ. ನದಿಯನ್ನು ಬಿಟ್ಟು ಬಂದದ್ದು ಇದೇ ಮೊದಲು.

“ಈಗೇನು?” ಎಂದ ಅಪ್ಪ.

“ನೀರು ಬರೋವರೆಗೂ ಕಾಯ್ಬೇಕು ಮಾವ.”

ಕಾಯುವುದು ಅಪ್ಪನ ಹಣೆಯಲ್ಲೇ ಬರೆದಿಲ್ಲ. ಎದ್ದ, ಕೂತ, ಇಲ್ಲದ ಹಾರನ್ನಿಗೆ ಕೈ ಚಾಚಿದ. ಕೊನೆಗೆ “ನಾನೇ ಇಳಿದು ತಳ್ತೀನಿ” ಎಂದು ಒಂದು ಕಾಲು ಹೊರಗಿಟ್ಟ. ಅಷ್ಟರಲ್ಲಿ ಹಿಂದಿನ ತಿರುವಿನಿಂದ ನೀರಿನ ಮೊರೆತ ಕೇಳಿಸಿತು.

“ಇಲ್ಲ! ಸುಮ್ನೆ ಕೂತ್ಕೊಳ್ರೀ!” ಹುಡುಗ ಅಬ್ಬರಿಸಿದ. “ಇದು ನಿಮ್ಮ ಬಸ್ಸಲ್ಲ. ಬಂಡೆ ಸಂದೀಲಿ ಕಾಲು ಸಿಕ್ಕಿದ್ರೆ ಜೀವ ಹೋಗುತ್ತೆ!”

ಅಪ್ಪ ತೊಪ್ಪನೆ ಕೂತ. ನನಗೆ ಭಯಕ್ಕಿಂತ ಖುಷಿಯೇ ಹೆಚ್ಚಾಯಿತು. ನೀರು ಬಂದು ದೋಣಿಯನ್ನು ಎತ್ತಿಕೊಂಡಿತು. ದಡ ಮುಟ್ಟುವವರೆಗೂ ಅಪ್ಪ ದೋಣಿಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದ. ಹುಡುಗನ ಮುಖವೋ, ಇಂಗು ತಿಂದ ಮಂಗನದು. ದೋಣಿ ಕಟ್ಟುವ ನೆಪದಲ್ಲಿ ದೂರ ಸರಿದ.

ಬೂಟಿನೊಳಗಿನ ನೀರು ಸುರಿಯುತ್ತ ಅಪ್ಪ ಗೊಣಗಿದ: “ನನ್ನನ್ನ ಹಿಂಗೆ ಗದರಿದವಳು ಒಬ್ಬಳೇ ಒಬ್ಬಳು. ಹೊತ್ತಿಗೆ ಮುಂಚೆ ಹೊರಟೆ ಅಂತ ಬಸ್ಸಿಗೆ ಅಡ್ಡ ನಿಂತು, ಊರವರೆಲ್ಲ ನೋಡೋ ಹಾಗೆ ಬೈದಿದ್ಲು.”

“ಆಮೇಲೆ?”

“ಆಮೇಲೇನು, ನಿಮ್ಮಮ್ಮ ಆದ್ಲು. ಅಳಿಯನ್ನ ಕರಿ, ಹೊರಡೋಣ. ಆಗ್ಲೇ ತಡ ಆಯ್ತು.”