ಕಮ್ಮಿ ಓಡಿದ ಗಾಡಿ

ಕನಕರಾಜುವಿಗೆ ಬಸ್ಸು ಸಾಕಾಗಿ ಹೋಗಿತ್ತು. ಅರಕಲಗೂಡಿನಿಂದ ಒಳಗೆ, ಜೋಳ ಮತ್ತು ಶುಂಠಿ ಹೊಲಗಳ ನಡುವೆ ಇರುವ ಅವನ ಊರಿಗೆ ಬರುವುದೇ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು. ಬೆಳಗಿನದು ತಪ್ಪಿದರೆ ಯಾವುದಾದರೂ ಆಟೊಗೆ ಕೈ ಅಡ್ಡ ಹಾಕಿ ಅರಕಲಗೂಡು ಸೇರಬೇಕು. ಅಲ್ಲಿಂದ ಹಾಸನಕ್ಕೆ ಬಸ್ಸು ಸಿಕ್ಕರೂ ಸೀಟು ಸಿಗದು. ಹಾಸನದ ಗೋದಾಮಿನಲ್ಲಿ ದಿನವಿಡೀ ಮೂಟೆ ಹೊತ್ತು, ಮತ್ತೆ ನಿಂತುಕೊಂಡೇ ಮನೆಗೆ ಬರುವ ಹೊತ್ತಿಗೆ ಅವನಿಗೆ ಯಾರ ಮಾತೂ ಬೇಡವಾಗಿರುತ್ತಿತ್ತು.

ಒಂದು ಸಂಜೆ ಬಸ್ಸಿನಲ್ಲಿ ನಿಂತಲ್ಲೇ ತೂಕಡಿಸಿ, ಕಂಬಿಗೆ ಹಣೆ ಬಡಿದುಕೊಂಡು ಮನೆಗೆ ಬಂದ. ಹೆಂಡತಿ ನಿಖಿತಾ ಊದಿದ ಹಣೆಗೆ ಅರಿಶಿನ ಹಚ್ಚುತ್ತಾ, ಇನ್ನು ಹೀಗೆ ಆಗುವುದಿಲ್ಲ, ಹಳೆಯದಾದರೂ ಒಂದು ಬೈಕು ತೆಗೆದುಕೊಳ್ಳೋಣ ಎಂದಳು. ಅವನೂ ಅದನ್ನೇ ಯೋಚಿಸುತ್ತಿದ್ದ.

ವಿಚಾರಿಸಿದಾಗ ಎರಡು ಗಾಡಿ ಸಿಕ್ಕಿದವು. ಒಂದು ಹೊಳೆನರಸೀಪುರದ ಬ್ರೋಕರ್ ಒಬ್ಬನ ಹತ್ತಿರ ಇತ್ತು. ಮೂರು ವರ್ಷದ ಗಾಡಿ, ಮೀಟರಿನಲ್ಲಿ ಹದಿನೆಂಟು ಸಾವಿರ ಕಿಲೋಮೀಟರ್. ಮೊಬೈಲಿಗೆ ಬಂದ ಫೋಟೋದಲ್ಲಿ ಕೆಂಪಗೆ ಮಿಂಚುತ್ತಿತ್ತು. ಇನ್ನೊಂದು ಚನ್ನರಾಯಪಟ್ಟಣದ ಆಚೆ, ಶ್ರವಣಬೆಳಗೊಳದಲ್ಲಿ ಅಂಗಡಿ ಇಟ್ಟಿರುವ ರಂಗಸ್ವಾಮಿ ಎಂಬ ಹಿರಿಯರದು. ಒಂಬತ್ತು ವರ್ಷದ್ದು, ಐವತ್ತೆಂಟು ಸಾವಿರ ಓಡಿದೆ. ಟ್ಯಾಂಕಿನ ಬಣ್ಣ ಬಿಸಿಲಿಗೆ ಮಂಕಾಗಿತ್ತು. ಕೆಂಪು ಗಾಡಿಯ ಬೆಲೆ ಅದಕ್ಕಿಂತ ಸ್ವಲ್ಪವೇ ಹೆಚ್ಚು. ಅಷ್ಟು ಹೊಸ ಗಾಡಿಯನ್ನು ಇಷ್ಟಕ್ಕೇ ಯಾಕೆ ಕೊಡುತ್ತಾರೆ ಎಂದು ನಿಖಿತಾ ಕೇಳಿದಳು. ಕನಕರಾಜುವಿನ ಮನಸ್ಸು ಆಗಲೇ ಕೆಂಪು ಗಾಡಿಯ ಮೇಲೆ ಕೂತಾಗಿತ್ತು.

ನೋಡಲು ಹೋಗುವಾಗ ಪಕ್ಕದ ಮನೆಯ ಕೀರ್ತಿರಾಜನನ್ನು ಕರೆದುಕೊಂಡು ಹೋಗಿ ಎಂದು ಅವಳು ಹಟ ಹಿಡಿದಳು. ಕೀರ್ತಿರಾಜ್ ಕನಕರಾಜುವಿನ ಜೊತೆ ಶಾಲೆಗೆ ಹೋದವನು. ಮೊದಲು ಲಾರಿ ಓಡಿಸುತ್ತಿದ್ದ. ಬೈಕಿನಿಂದ ಬಿದ್ದು ಬಲಗೈ ಮುರಿದ ಮೇಲೆ ಬೆರಳು ಪೂರ್ತಿ ಮಡಚಲು ಬರದೆ ಲಾರಿ ಬಿಟ್ಟಿದ್ದ. ಈಗ ರಾಮನಾಥಪುರದ ಒಂದು ಅಂಗಡಿಯಲ್ಲಿ ಕೂರುತ್ತಾನೆ. ಹೇಗೆ ಬಿದ್ದೆ ಎಂದು ಯಾರೇ ಕೇಳಲಿ, ರಸ್ತೆ ಸರಿ ಇರಲಿಲ್ಲ ಎಂದಷ್ಟೇ ಹೇಳುತ್ತಿದ್ದ.

ಭಾನುವಾರ ಇಬ್ಬರೂ ಹೊಳೆನರಸೀಪುರಕ್ಕೆ ಹೋದರು. ಬ್ರೋಕರ್ ಬಟನ್ ಒತ್ತಿದ ಕೂಡಲೇ ಗಾಡಿ ಸ್ಟಾರ್ಟ್ ಆಯಿತು. ಸದ್ದೂ ಹಿತವಾಗಿತ್ತು. ಕನಕರಾಜು ಅಡ್ವಾನ್ಸ್ ಕೊಡಲು ಜೇಬಿಗೆ ಕೈ ಹಾಕಿದ. ಅಷ್ಟರಲ್ಲಿ ಕೀರ್ತಿರಾಜ್ ಬಗ್ಗಿ ಇಂಜಿನ್ನಿನ ಹತ್ತಿರ ಅಂಗೈ ಹಿಡಿದ. ಈಗ ತಾನೇ ಸ್ಟಾರ್ಟ್ ಆದ ಗಾಡಿಯಂತಿರಲಿಲ್ಲ, ಆಗಲೇ ಬಿಸಿಯಾಗಿತ್ತು. ಪೆಟ್ರೋಲ್ ಹಾಕಿಸಿಕೊಂಡು ಬಂದೆ ಎಂದ ಬ್ರೋಕರ್. ಹಾಗಾದರೆ ಅದು ಆರಲಿ, ನಾವು ಟೀ ಕುಡಿದು ಬರುತ್ತೇವೆ ಎಂದು ಕೀರ್ತಿರಾಜ್ ಗೆಳೆಯನನ್ನು ಎಳೆದುಕೊಂಡು ಹೊರಟ.

ಟೀ ಅಂಗಡಿಯಲ್ಲಿ ಕನಕರಾಜುವಿಗೆ ಬೇಜಾರು ತಡೆಯಲಾಗಲಿಲ್ಲ.

"ನೀನು ಎಲ್ಲಾದ್ರಲ್ಲೂ ಉಳುಕು ಉಡುಕ್ತೀಯ ಕಣ್ಲಾ. ಬಸ್ಸಲ್ಲಿ ನಿಂತೂ ನಿಂತೂ ನಂಗೆ ಸಾಕಾಗೋಗೈತೆ. ಇವತ್ತೇ ತಕ್ಕಂಡ್ ಓಗಾನ ಅಂತ ಬಂದೀವ್ನಿ."

ಕೀರ್ತಿರಾಜ್ ಎಡಗೈಯಲ್ಲಿದ್ದ ಲೋಟ ಕೆಳಗಿಟ್ಟು, ಬಲಗೈಯನ್ನು ಮೇಜಿನ ಮೇಲೆ ಚಾಚಿದ. ಮಡಚಲು ನೋಡಿದ. ಬೆರಳು ಅರ್ಧಕ್ಕೆ ನಿಂತವು.

"ನಂಗೂ ಅಂಗೇ ಸಾಕಾಗಿತ್ತು ಕಣ್ಲಾ ಕನಕ. ಬೆಳಗಿನ್ ಜಾವ ಎದ್ದು ಲಾರಿ ತಾವ್ಕೆ ನಡ್ಕಂಡ್ ಓಗ್ಬೇಕಿತ್ತು. ಇಂಗೇ ಒಂದ್ ಗಾಡಿ ಒಳೀತಿತ್ತು, ಮೀಟ್ರೂ ಕಮ್ಮಿ ತೋರುಸ್ತಿತ್ತು. ಏನೂ ನೋಡ್ದೆ ತಕ್ಕಂಬಂದ್ಬುಟ್ಟೆ."

ಆ ಗಾಡಿ ಮೊದಲೇ ಎಲ್ಲೋ ಗುದ್ದಿ ಬಿದ್ದದ್ದಂತೆ. ಮುಂದಿನ ಚಕ್ರ ಹಿಡಿಯುವ ಫೋರ್ಕ್ ಸ್ವಲ್ಪ ಬಾಗಿತ್ತು, ಬ್ರೇಕ್ ಹಿಡಿದರೆ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಆಮೇಲೆ ಮೆಕ್ಯಾನಿಕ್ಕಿಗೆ ತೋರಿಸಿದರಾಯಿತು ಎಂದುಕೊಂಡು ಓಡಿಸಿದ. ಒಂದು ತಿರುವಿನಲ್ಲಿ ಹಸು ಅಡ್ಡ ಬಂದಾಗ ಜೋರಾಗಿ ಬ್ರೇಕ್ ಹಿಡಿದ, ಗಾಡಿ ಎಳೆದುಕೊಂಡು ಹೋಗಿ ಮೋರಿಗೆ ಹಾಕಿತು. ಆರ್‌ಸಿ, ವಿಮೆ ಎರಡೂ ಇನ್ನೂ ಹಳೆಯ ಮಾಲೀಕನ ಹೆಸರಿನಲ್ಲೇ ಇದ್ದವು. ಕೀರ್ತಿರಾಜನ ಕೈಗಾದ ಗಾಯಕ್ಕೆ ವಿಮೆಯಿಂದ ಏನೂ ಬರಲಿಲ್ಲ.

"ರಸ್ತೆ ಸರಿ ಇರ್ಲಿಲ್ಲ ಅಂತ ಎಲ್ರಿಗೂ ಏಳ್ಕಂಡ್ ತಿರುಗ್ದೆ," ಎಂದ ಕೀರ್ತಿರಾಜ್. "ರಸ್ತೆ ಸರಿಯಾಗೇ ಇತ್ತು ಕಣ."

ಕನಕರಾಜು ಇನ್ನೆರಡು ಟೀ ಹೇಳಿದ.

ಗಂಟೆ ಬಿಟ್ಟು ಅವರು ಹಿಂತಿರುಗಿದಾಗ ಇಂಜಿನ್ ತಣ್ಣಗಾಗಿತ್ತು. ಈಗ ಬಟನ್ ಒತ್ತಿದರೆ ಕೆಮ್ಮಿ ಕೆಮ್ಮಿ ನಿಂತಿತು. ಬಹಳ ಹೊತ್ತಿಗೆ ಸ್ಟಾರ್ಟ್ ಆದಾಗ ಹಿಂದಿನಿಂದ ಆಯಿಲ್ ಸುಟ್ಟ ನೀಲಿ ಹೊಗೆ ಬಂತು. ಕೀರ್ತಿರಾಜ್ ಕಾಲಿಡುವ ರಬ್ಬರು ತೋರಿಸಿದ, ಗೆರೆಯೆಲ್ಲ ಸವೆದು ನುಣ್ಣಗಾಗಿತ್ತು. ಗೇರ್ ಲಿವರಿನಲ್ಲಿ ರಬ್ಬರು ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಹದಿನೆಂಟು ಸಾವಿರಕ್ಕೆ ಇಷ್ಟು ಸವೆಯುವುದಿಲ್ಲ, ಮೀಟರನ್ನು ತಿರುಗಿಸಿರಬೇಕು ಎಂದು ಮೆಲ್ಲಗೆ ಹೇಳಿದ. ಎದುರು ನಿಂತು ನೋಡಿದರೆ ಚಕ್ರ ನೇರ, ಹ್ಯಾಂಡಲ್ ಸೊಟ್ಟ. ಆರ್‌ಸಿ ಯಾರ ಹೆಸರಿನಲ್ಲಿದೆ ಎಂದು ಕೇಳಿದ್ದಕ್ಕೆ, ಅವರು ಊರಲ್ಲಿಲ್ಲ, ಫಾರಂಗೆ ಸಹಿ ಹಾಕಿ ಹೋಗಿದ್ದಾರೆ, ಗಾಡಿ ಒಯ್ಯಿರಿ, ಹೆಸರು ಯಾವಾಗಲಾದರೂ ಬದಲಾಯಿಸಿಕೊಳ್ಳಬಹುದು ಎಂದ ಬ್ರೋಕರ್.

ಯೋಚಿಸಿ ಹೇಳುತ್ತೇವೆ ಎಂದು ಬಂದರು. ಆದರೆ ಕನಕರಾಜುವಿನ ಆಸೆ ಪೂರ್ತಿ ಹೋಗಿರಲಿಲ್ಲ. ವಾರದ ನಡುವೆ ಒಂದು ಸಂಜೆ, ಬಸ್ಸಿನ ಬಾಗಿಲ ಹತ್ತಿರ ಜೋತುಬಿದ್ದಿದ್ದಾಗ ಬ್ರೋಕರ್ ಫೋನ್ ಮಾಡಿದ. ಬೇರೆ ಪಾರ್ಟಿ ಬಂದಿದ್ದಾರೆ, ಈಗಲೇ ಹೂಂ ಅಂದರೆ ನಿಮಗೇ ಇಡುತ್ತೇನೆ ಎಂದ. ಕನಕರಾಜುವಿನ ಕಾಲು ನೋಯುತ್ತಿತ್ತು, ಹಿಂದಿನವನ ಬ್ಯಾಗು ಬೆನ್ನಿಗೆ ಒತ್ತುತ್ತಿತ್ತು. ಹೂಂ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಕೀರ್ತಿರಾಜನ ಬೆರಳು ನೆನಪಾಯಿತು. ಬೇಡ ಎಂದು ಫೋನ್ ಇಟ್ಟ. ಇಟ್ಟ ಮೇಲೆ ಇನ್ನಷ್ಟು ಸುಸ್ತಾಯಿತು.

ಮುಂದಿನ ಭಾನುವಾರ ನಿಖಿತಾಳೂ ಜೊತೆಗೆ ಬಂದಳು. ಶ್ರವಣಬೆಳಗೊಳದಲ್ಲಿ ರಂಗಸ್ವಾಮಿ ಮೊಣಕಾಲು ಹಿಡಿದುಕೊಂಡೇ ಅಂಗಡಿಯಿಂದ ಎದ್ದು ಬಂದರು. ಮಂಡಿ ಸವೆದಿದೆ, ಗಾಡಿ ನಿಲ್ಲಿಸಿ ಇಳಿಯಲು ಆಗುತ್ತಿಲ್ಲ, ಅದಕ್ಕೇ ಮಾರುತ್ತಿದ್ದೇನೆ ಎಂದರು. ಯಾರೂ ಕೇಳುವ ಮೊದಲೇ ತೊಂದರೆಗಳನ್ನೂ ಹೇಳಿದರು. ಹಿಂದಿನ ಟೈರು, ಚೈನು ಹಾಕಿಸಬೇಕು. ಹದಿನೈದು ವರ್ಷ ತುಂಬಿದಾಗ ನೋಂದಣಿ ಮತ್ತೆ ಮಾಡಿಸಬೇಕು.

ಇಂಜಿನ್ ತಣ್ಣಗಿತ್ತು. ಆದರೂ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕೀರ್ತಿರಾಜ್ ಗಾಡಿಯ ಮೇಲಿನ ಚಾಸಿ ನಂಬರು, ಇಂಜಿನ್ ನಂಬರುಗಳನ್ನು ಆರ್‌ಸಿಯ ಜೊತೆ ತಾಳೆ ನೋಡಿದ. ಮೊಬೈಲಿನಲ್ಲಿ ಸಾರಿಗೆ ಇಲಾಖೆಯ ಆ್ಯಪ್ ತೆರೆದು, ಸಾಲವಾಗಲಿ ದಂಡವಾಗಲಿ ಬಾಕಿ ಇಲ್ಲ ಎಂದು ತೋರಿಸಿದ. ಆಮೇಲೆ ರಂಗಸ್ವಾಮಿಯವರು ಯಾವಾಗಲೂ ಸರ್ವಿಸ್ ಮಾಡಿಸುವ ಮೆಕ್ಯಾನಿಕ್ ಹತ್ತಿರವೇ ಹೋಗಿ ಮೂವರೂ ವಿಚಾರಿಸಿದರು. ಒಂದು ಸರ್ವಿಸನ್ನೂ ತಪ್ಪಿಸಿಲ್ಲ ಎಂದ ಅವನು.

ಕನಕರಾಜು ನಿಖಿತಾಳನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋದ. ಬ್ರೇಕ್ ಹಿಡಿದರೆ ಗಾಡಿ ಅತ್ತಿತ್ತ ಹೋಗದೆ ನೇರ ನಿಂತಿತು. ಆದರೂ ಇಳಿದು, ಇಷ್ಟು ಹಳೆಯದನ್ನು ತಂದರೆ ಊರಲ್ಲಿ ನಗುತ್ತಾರೆ ಎಂದು ಗೊಣಗಿದ.

"ನಕ್ಕಳ್ಳಿ ಬುಡಿ," ಎಂದಳು ನಿಖಿತಾ. "ನಾನು ಕುಂತ್ಕಳ್ಳದು ಗಾಡಿ ಮ್ಯಾಲೆ, ಬಣ್ಣದ್ ಮ್ಯಾಲಲ್ಲ. ನೀವು ಸಂಜಿಕೆ ಮನೆಗ್ ಬಂದ್ರೆ ಸಾಕು ನಂಗೆ."

ಆ ಗಾಡಿಯನ್ನೇ ತೆಗೆದುಕೊಂಡರು.

ಆದರೆ ಅವತ್ತೇ ಓಡಿಸಲಿಲ್ಲ, ಆ ಮೆಕ್ಯಾನಿಕ್ ಹತ್ತಿರವೇ ಬಿಟ್ಟು ಬಂದರು. ಆರ್‌ಸಿ, ವಿಮೆ ಅವನ ಹೆಸರಿಗೆ ಆಗುವವರೆಗೆ, ಟೈರು ಚೈನು ಬದಲಾಗುವವರೆಗೆ ಕನಕರಾಜು ಮತ್ತೆ ಅದೇ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದ. ಈಗ ಇಬ್ಬರಿಗೂ ಹೆಲ್ಮೆಟ್ ತಂದು, ಗಾಡಿಯಲ್ಲೇ ಕೆಲಸಕ್ಕೆ ಹೋಗುತ್ತಾನೆ. ಆಯಾಸ ಪೂರ್ತಿ ಹೋಗಿಲ್ಲ, ಮೂಟೆಯ ಭಾರ ಕಮ್ಮಿಯಾಗುವುದಿಲ್ಲವಲ್ಲ. ಕತ್ತಲಾಗುವ ಮೊದಲು ಮನೆ ಸೇರುತ್ತಾನೆ, ಅಷ್ಟೇ.

ಕೆಂಪು ಗಾಡಿ ಮಾರಾಟವಾಯಿತಂತೆ. ಯಾರು ತೆಗೆದುಕೊಂಡರೋ ಗೊತ್ತಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಹಳೆಯ ಗಾಡಿ ಕೊಳ್ಳುವುದು ತಪ್ಪಲ್ಲ. ಆದರೆ ಸುಸ್ತಾಗಿದ್ದೀರಿ ಎಂದು ಆತುರಪಡಬೇಡಿ. ವರ್ಷ, ಮೀಟರು ಎರಡನ್ನೇ ನಂಬಬೇಡಿ, ಗಾಡಿಯನ್ನು ಹೇಗೆ ಇಟ್ಟುಕೊಂಡಿದ್ದರು ಎಂದು ನೋಡಿ. ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಗೊತ್ತಿರುವವರನ್ನು ಜೊತೆಗೆ ಕರೆದೊಯ್ಯಿರಿ, ಹೆಸರು ಬದಲಾಗದೆ ರಸ್ತೆಗೆ ಇಳಿಸಬೇಡಿ. ಅದಕ್ಕಾಗಿ ಇನ್ನೊಂದಷ್ಟು ದಿನ ಬಸ್ಸಿನಲ್ಲಿ ನಿಲ್ಲಬೇಕಾದರೆ ನಿಲ್ಲಿ. ನಿಮ್ಮ ಮನೆಯವರು ಕಾಯುತ್ತಿರುವುದು ನಿಮಗಾಗಿ, ಗಾಡಿಗಾಗಿ ಅಲ್ಲ.